ಗಂಡನ ಹೆಸರು ಹೇಳದವಳ ವೋಟು

ಆಕೆಯ ಅಂಗೈ ಆಕೆಯ ಮುಖಕ್ಕಿಂತ ದೊಡ್ಡದಾಗಿತ್ತು. ಇದು ಉತ್ಪ್ರೇಕ್ಷೆ ಎನ್ನುವವರು ತಿಕೋಟಾದ ಬಸ್ ಸ್ಟ್ಯಾಂಡಿನ ಎದುರಿದ್ದ ಆ ಖಾನಾವಳಿಯಲ್ಲಿ ಉಂಡವರಲ್ಲ. ನಾದಿದ ಜೋಳದ ಹಿಟ್ಟಿನ ಮೇಲೆ ಆ ಕೈ ಬಿತ್ತೆಂದರೆ ಅಥಣಿ ಬಸ್ಸಿಗೆ ಕಾಯುತ್ತ ನಿಂತವರಿಗೂ ಸಪ್ಪಳ ಕೇಳಿಸುತ್ತಿತ್ತು. ಆ ಸಪ್ಪಳದ ಮೇಲೆಯೇ ನಾವು ಆವತ್ತಿನ ಹವೆ ಹೇಳುತ್ತಿದ್ದೆವು. ಸಾವಕಾಶ ಬಿದ್ದರೆ ಊಟದ ಜೊತೆ ಇನ್ನಷ್ಟು ಮೊಸರು ಕೇಳಬಹುದು. ಜೋರಾಗಿ ಬಿದ್ದರೆ ತಾಟಿನಲ್ಲಿ ಹಾಕಿದ್ದನ್ನು ತಲೆಬಗ್ಗಿಸಿ ಉಂಡು, ಸುಮ್ಮನೆ ಎದ್ದು ಹೋಗಬೇಕು. ಅಲ್ಲಿದ್ದಷ್ಟು ವರ್ಷ ನಾನು ಮೊಸರು ಕೇಳಿದ್ದು ಕಡಿಮೆ.

ಊರೆಲ್ಲ ಆಕೆಯನ್ನು ಖಾನಾವಳಿ ಅಕ್ಕ ಎನ್ನುತ್ತಿತ್ತು. ನಾನೂ ಅಕ್ಕ ಎಂದೇ ಕರೆದೆ. ಆಕೆಗೊಂದು ಹೆಸರಿತ್ತು, ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಮರೆತಿಲ್ಲ, ಹೆದರಿಕೆಯೂ ಇಲ್ಲ. ಕಾರಣ ಬೇರೆ ಇದೆ.

ನಾನು ಬಿಜಾಪುರದ ಸ್ಟೇಷನ್ ರಸ್ತೆಯ ಹುಡುಗ. ಐವತ್ತೇಳರ ಚುನಾವಣೆ ಮುಗಿದ ಮರುವರ್ಷ, ಇನ್ನೂ ಮೀಸೆ ನೆಟ್ಟಗೆ ಬರುವ ಮೊದಲೇ, ತಿಕೋಟಾದ ಸಾಲೆಗೆ ಮಾಸ್ತರನಾಗಿ ಬಂದು ಬಿದ್ದೆ. ದೇವರು ನನಗೆ ಕೊಟ್ಟದ್ದು ಸೈಕಲ್ ಹ್ಯಾಂಡಲ್ಲಿನಂಥ ಎರಡು ಕಿವಿ, ಕಿವಿಗೆ ಬಿದ್ದ ಯಾವ ದನಿಯನ್ನಾದರೂ ತಿರುಗಿಸಿ ಆಡುವ ಒಂದು ಗಂಟಲು. ಹೆಡ್ ಮಾಸ್ತರರು ಸೀನುವ ಮೊದಲು ಎಳೆಯುತ್ತಿದ್ದ ರಾಗ, ಕಂಡಕ್ಟರನ ಮೂಗಿನೊಳಗಿನ 'ಹೋಲ್ಡಾನ್', ಎಲೆಯಡಿಕೆ ತುಂಬಿದ ಬಾಯಲ್ಲಿ ಉಮೇದುವಾರರು ಕೊಡುವ ವಚನ, ನನ್ನ ಮಗ್ಗಿ ತಪ್ಪಿದಾಗ ನನ್ನಪ್ಪ ಬಿಡುತ್ತಿದ್ದ ನಿಟ್ಟುಸಿರು, ಎಲ್ಲವೂ ನನ್ನ ಹತ್ತಿರ ಇದ್ದವು. ನನ್ನದೇ ಒಂದು ದನಿ ಮಾತ್ರ ಇರಲಿಲ್ಲ. ಹುಡುಗರ ಮುಂದೆ ಹೆಡ್ ಮಾಸ್ತರರ ದನಿಯಲ್ಲಿ ಪಾಠ ಹೇಳುತ್ತಿದ್ದೆ, ಹೆಡ್ ಮಾಸ್ತರರ ಮುಂದೆ ಹುಡುಗರ ದನಿಯಲ್ಲಿ 'ಹೂಂ ಸರ್' ಎನ್ನುತ್ತಿದ್ದೆ.

ಬಂದ ವಾರದಲ್ಲೇ ಅಕ್ಕನನ್ನೂ ಆಡಿ ತೋರಿಸಿದೆ. ಖಾನಾವಳಿಯ ಕಟ್ಟೆಯ ಮೇಲೆ ಕೂತು, ತೊಡೆಯನ್ನೇ ರೊಟ್ಟಿ ಮಾಡಿಕೊಂಡು ಬಡಿಯುತ್ತ, ಆಕೆ ಗಿರಾಕಿಗಳನ್ನು ಬೈಯುವ ರೀತಿಯಲ್ಲಿ ಬೈದೆ. ಮಂದಿ ಬಿದ್ದು ಬಿದ್ದು ನಕ್ಕರು. ನಗು ಒಮ್ಮೆಲೇ ನಿಂತಾಗ ಹೊರಳಿ ನೋಡಿದೆ. ಕೈಯಲ್ಲಿ ಸಾರಿನ ಸೌಟು ಹಿಡಿದು ಅಕ್ಕ ನಿಂತಿದ್ದಳು. ಸೌಟಿನಿಂದ ಹಬೆ ಏಳುತ್ತಿತ್ತು.

"ಆತೇನ್ರಿ ಮಾಸ್ತರ?"

"ಆತ್ರಿ ಅಕ್ಕಾ."

"ದನಿ ಬಂತು. ಸಿಟ್ಟ ಬರಲಿಲ್ಲ."

ಅಷ್ಟೇ ಹೇಳಿ ಸಾರು ಬಡಿಸಿದಳು, ತಾಟಿಗೆ. ತಲೆಯ ಮೇಲಲ್ಲ. ಹತ್ತು ಮಂದಿ ಚಪ್ಪಾಳೆ ಹೊಡೆದದ್ದು ಮರೆತುಹೋಯಿತು, ಆ ಒಂದು ಮಾತು ಹಲ್ಲಿನ ಸಂದಿಯ ಜೋಳದ ಹೊಟ್ಟಿನ ಹಾಗೆ ಉಳಿದುಬಿಟ್ಟಿತು. ಆಮೇಲೆ ಊರನ್ನೆಲ್ಲ ಆಡಿ ತೋರಿಸಿದೆ, ಅಕ್ಕನನ್ನು ಮಾತ್ರ ಆಡಲಿಲ್ಲ.

ಆ ಸಿಟ್ಟು ಎಲ್ಲಿಂದ ಬಂತೆಂದು ನನಗೆ ಹೇಳಿದವನು ಖಾನಾವಳಿಯ ಬಾಜೂಕಿನ ಸೈಕಲ್ ಅಂಗಡಿಯ ಚಾಚಾ. ಪಂಕ್ಚರ್ ಹಚ್ಚುತ್ತ ಹೇಳಿದ; ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುವುದನ್ನು ನೋಡಿ, ಮತ್ತೆ ಹೇಳಿದ.

ಅಕ್ಕನ ಗಂಡ ವಾಡೆಯ ಜೀಪು ಹೊಡೆಯುತ್ತಿದ್ದ. ವಾಡೆಯೆಂದರೆ ಊರ ಸಾಹುಕಾರರ ಮನೆ, ಗೋಡೆಗಳು ಕೋಟೆಯಂಥವು. ತಿಕೋಟಾ ಕ್ಷೇತ್ರದಲ್ಲಿ ಯಾರೇ ಆರಿಸಿ ಬರಲಿ, ಕೊರಳಿಗೆ ಬಿದ್ದ ಹಾರವನ್ನು ಮೊದಲು ಆ ವಾಡೆಯ ಕಟ್ಟೆಗೆ ತಂದು ಇಡಬೇಕು. ಆ ಗಂಡ ಅಕ್ಕನನ್ನು ಬಿಟ್ಟು ಬಬಲೇಶ್ವರದಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿ ಬಹಳ ದಿನವಾಗಿತ್ತು. ಅಕ್ಕ ಅಳಲಿಲ್ಲ, ಪಂಚರನ್ನು ಕರೆಸಲಿಲ್ಲ. ಒಲೆ ಹೂಡಿ ಖಾನಾವಳಿ ತೆರೆದಳು.

ಐವತ್ತೇಳರ ಮತದಾನದ ದಿನ ನಮ್ಮ ಸಾಲೆಯೇ ಬೂತು. ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಅವನ ಚಿಹ್ನೆ. ಪರದೆಯ ಹಿಂದೆ ಹೋಗಿ ಬೇಕಾದ ಡಬ್ಬಿಯಲ್ಲಿ ಚೀಟಿ ಹಾಕಿ ಬರುವುದು. ಮತದಾರರ ಪಟ್ಟಿಯಲ್ಲಿ ಅಕ್ಕನ ಹೆಸರಿರಲಿಲ್ಲ. 'ಇಂಥವನ ಹೆಂಡತಿ' ಎಂದಷ್ಟೇ ಇತ್ತು. ಪಟ್ಟಿ ಬರೆಯಲು ಬಂದವರು ಕಟ್ಟೆಯ ಮೇಲೆ ಕೂತ ಗಂಡಸರನ್ನು ಕೇಳಿ ಬರೆದುಕೊಂಡು, ಚಹಾ ಕುಡಿದು ಎದ್ದುಹೋಗಿದ್ದರು. ಹಾಗೆ ಬರೆಯಬಾರದೆಂದು ಮೇಲಿನಿಂದ ಹುಕುಂ ಬಂದಿತ್ತಂತೆ. ಬಿಜಾಪುರದಿಂದ ತಿಕೋಟಾಕ್ಕೆ ಬರುವ ಬಸ್ಸು ಅದಕ್ಕೆ ತಪ್ಪಿರಬೇಕು.

ಅವತ್ತು ಗಂಡ ಬಬಲೇಶ್ವರದಿಂದ ವಾಡೆಯ ಜೀಪಿನಲ್ಲಿ ಆ ಇನ್ನೊಬ್ಬಳನ್ನು ಕರೆದುಕೊಂಡು ಬಂದ. ಹಸಿರು ಸೀರೆ, ತಲೆತುಂಬ ಹೂವಿನ ದಂಡೆ. ಬೂತಿನ ಸಾಹೇಬ ಪಟ್ಟಿ ನೋಡಿ, "ಗಂಡನ ಹೆಸರು?" ಎಂದ.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ನೆಟ್ಟಗೆ ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಮೆಲ್ಲಗೆ ಇಟ್ಟು ಹೇಳುತ್ತಾಳೆ. ಲಗ್ನದಲ್ಲಿ, ಬಸುರಿಯ ಕುಬಸದಲ್ಲಿ ಹೆಣ್ಣುಮಕ್ಕಳು ಬಾಗಿಲು ಅಡ್ಡಗಟ್ಟಿ ಒಡಪು ಹೇಳಿಸುತ್ತಾರೆ. ಬೂತಿನ ಬಾಗಿಲಲ್ಲಿಯೂ ಅದೇ ಆಯಿತು. ಸೆರಗು ಬಾಯಿಗೆ ಹಿಡಿದು ಆಕೆ ಹೇಳಿದಳಂತೆ:

"ಬಿಳಿಜ್ವಾಳದ ರೊಟ್ಟಿಗಿ ಬೆಣ್ಣಿ ಹಚ್ಚಿ ಕೊಡತೀನಿ,
ಇಂಥವರ ಹೆಸರ ಹೇಳಿ ವೋಟ ಹಾಕಿ ಬರತೀನಿ."

ಪಾಳಿ ಹಚ್ಚಿ ಸಾಲಾಗಿ ನಿಂತವರೆಲ್ಲ 'ವ್ಹಾ' ಎಂದರು. ಸಾಹೇಬನೂ ನಕ್ಕ. ಒಡಪು ಹಾಕಿದವಳು ಹೆಂಡತಿಯಲ್ಲದೆ ಮತ್ಯಾರು? ಚೀಟಿ ಕೊಟ್ಟ.

ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಸಿ, ಕೈ ತೊಳೆದು ಅಕ್ಕ ಬಂದಳು.

"ನಿಮ್ಮ ವೋಟ ಆಗ್ಯದ."

"ಯಾರ ಹಾಕ್ಯಾರ?"

"ಇಂಥವರ ಹೆಂಡ್ತಿ."

"ಇಂಥವನ ಹೆಂಡ್ತಿ ನಾನು."

"ಹಂಗಾರ ಗಂಡನ ಹೆಸರ ಹೇಳ್ರಿ. ಬೇಕಾದ್ರ ಒಡಪ ಹಾಕ್ರಿ. ಆಕಿ ಎಷ್ಟ ಛಂದ ಹೇಳಿದ್ಲು!"

ಅಕ್ಕ ಹೇಳಲಿಲ್ಲ. ಪಾಳಿಯ ಮಂದಿ ಕಾದರು, ಸಾಹೇಬ ಗಡಿಯಾರ ನೋಡಿದ, ವಾಡೆಯ ಏಜೆಂಟ ಮೀಸೆಯೊಳಗೆ ನಕ್ಕ. ಬೂತಿನಲ್ಲಿ ಉಮೇದುವಾರನ ಪರವಾಗಿ ಮತದಾರರನ್ನು ಗುರುತಿಸಲು ಕೂರುವವನು ಏಜೆಂಟ; ಅವನು ಸಾಹುಕಾರರ ತಂಗಿಯ ಮಗ, ಅಕ್ಕನ ಲಗ್ನದ ಊಟ ಉಂಡವನು. ಗುರುತಿಸಲಿಲ್ಲ. ಅಕ್ಕ ಬಂದ ದಾರಿಯಲ್ಲಿ ತಿರುಗಿ ಹೋದಳು. "ಆ ದಿನಾ ರಾತ್ರಿ ರೊಟ್ಟಿ ಎಷ್ಟ ದಪ್ಪ ಇದ್ವು ಅಂದ್ರ ಮಾಸ್ತರ," ಎಂದ ಚಾಚಾ, "ಸೈಕಲ್ಲಿಗೆ ಗಾಲಿ ಮಾಡಿ ಹಾಕಬಹುದಿತ್ತು."

ಊರಿನವರಿಗೆ ಆಕೆಯ ಮೌನ ಬಹಳ ಹಿಡಿಸಿತ್ತು. ವೋಟು ಹೋದರೂ ಗಂಡನ ಹೆಸರು ಹೇಳಲಿಲ್ಲ, ಪತಿವ್ರತೆ ಅಂದರೆ ಹೀಗಿರಬೇಕು ಎಂದು ಹೆಡ್ ಮಾಸ್ತರರು ಹೆಣ್ಣುಮಕ್ಕಳ ತರಗತಿಯಲ್ಲಿ ಭಾಷಣ ಮಾಡಿದ್ದರು. ಅದನ್ನು ನಾನು ಅವರದೇ ದನಿಯಲ್ಲಿ, ಸೀನುವ ರಾಗದ ಸಮೇತ, ಅಕ್ಕನ ಮುಂದೆ ಆಡಿ ತೋರಿಸಿದೆ. ನಗುತ್ತಾಳೆ ಎಂದುಕೊಂಡಿದ್ದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮರ್ಯಾದಿ ಅಲ್ರಿ ಮಾಸ್ತರ, ಹೊಲಸು ಅದು. ಅಡಗಿ ಮಾಡಾಕಿ ಹೊಲಸ ಬಾಯಾಗ ಹಿಡಕೊಂಡ ಕುಂಡರಬಾರದು."

ಆಮೇಲೆ ಎಂದಿನ ಮಾತು ಹೇಳಿದಳು. ತಾಟು ಮುಂದಿಟ್ಟುಕೊಂಡು ಯಾರಾದರೂ ಜಗಳಕ್ಕೆ ಇಳಿದರೆ ಅವಳು ಹೇಳುತ್ತಿದ್ದ ಮಾತು ಅದು: "ಸಿಟ್ಟ ಮಾಡಕೋತ ಉಣಬ್ಯಾಡ್ರಿ. ಉಂಡ ಸಿಟ್ಟ ಮಾಡ್ರಿ. ಹಸದ ಹೊಟ್ಟೀ ಸಿಟ್ಟು ಸಂಜೀ ತನಾ ಬಾಳಂಗಿಲ್ಲ."

ತಿಕೋಟಾ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ಮುಂದೆ ಯಾರಾದರೂ ಬರೆದರೆ ಗೆದ್ದವರ ಹೆಸರು, ಬಿದ್ದವರ ಹೆಸರು, ನಡುವಿನ ಅಂತರ ಬರೆದು ಮುಗಿಸುತ್ತಾರೆ. ಐವತ್ತೇಳರಲ್ಲಿ ಒಂದು ವೋಟು ಬಬಲೇಶ್ವರದಿಂದ ಜೀಪು ಹತ್ತಿ ಬಂದದ್ದನ್ನು ಬರೆಯುವುದಿಲ್ಲ. ನನಗೆ ದೊಡ್ಡ ಚರಿತ್ರೆ ಗೊತ್ತಿಲ್ಲ. ಈ ಒಂದೇ ವೋಟಿನ ಚರಿತ್ರೆ ಗೊತ್ತು.

ಅರವತ್ತೆರಡರ ಚುನಾವಣೆಗೆ ಮೊದಲು ಮತದಾರರ ಪಟ್ಟಿ ತಿದ್ದಿ ಬರೆಯುವ ಕೆಲಸ ಬಂತು. ಸರ್ಕಾರಕ್ಕೆ ಕತ್ತೆ ಬೇಕಾದಾಗ ಮಾಸ್ತರ ನೆನಪಾಗುತ್ತಾನೆ. ಬಸ್ ಸ್ಟ್ಯಾಂಡಿನ ಓಣಿ ನನ್ನ ಪಾಲಿಗೆ ಬಿತ್ತು. ಖಾನಾವಳಿಯಲ್ಲಿ ನಾನು ಕಾಗದ ಬಿಚ್ಚುವ ಮೊದಲೇ ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು.

"ನನ್ನ ಹೆಸರ ಬರೀರಿ."

ಬರೆದೆ.

"ಬಾಜೂಕ ನಮ್ಮಪ್ಪನ ಹೆಸರ ಬರೀರಿ."

'ತಂದೆ ಅಥವಾ ಗಂಡನ ಹೆಸರು' ಎಂದು ಅಚ್ಚಾಗಿತ್ತು. ಅಥವಾ ಎಂದರೆ ಅಥವಾ. ಬರೆದೆ.

ಕರಡು ಪಟ್ಟಿ ಚಾವಡಿಯಲ್ಲಿ ಹಚ್ಚಿದ ದಿನ ನೋಡಿದರೆ ಅಪ್ಪ ಮಾಯವಾಗಿದ್ದ, ಗಂಡ ಬಂದು ಕೂತಿದ್ದ. ಆಕೆಯ ಸ್ವಂತ ಹೆಸರೂ ಹೋಗಿ ಮತ್ತೆ 'ಇಂಥವನ ಹೆಂಡತಿ' ಆಗಿದ್ದಳು. ಮೇಲ್ವಿಚಾರಣೆ ಹೆಡ್ ಮಾಸ್ತರರದು. ಓಡಿಹೋಗಿ ಕೇಳಿದೆ.

"ಏ ಹುಡುಗಾ, ಲಗ್ನಾದಾಕಿಗಿ ಅಪ್ಪನ ಹೆಸರ ಹಚ್ಚತಾರೇನೋ? ಮಂದಿ ಏನಂದಾರು?"

"ಆಕಿ ಏನಂದಾಳು ಅಂತ ಕೇಳಬೇಕಿತ್ತಲ್ರಿ ಸರ್?"

"ಆಕಿ ಅನ್ನಾಕ ಏನೈತಿ? ವಾಡೇದಿಂದ ಹೇಳಿಕಳಿಸ್ಯಾರ."

ಹೌದು, ಹೇಳಿಕಳಿಸಿದ್ದರು. 'ಇಂಥವನ ಹೆಂಡತಿ' ಎಂಬ ಸಾಲು ಇದ್ದರೆ ಆ ಸಾಲಿನ ವೋಟು ವಾಡೆಯ ಜೀಪಿನಲ್ಲಿ ಕೂತಂತೆಯೇ. ಹೀಗೆ ಯಾವ ಯಾವ ಓಣಿಯಲ್ಲಿ ಎಷ್ಟು ಹೆಂಡಂದಿರು ಹೆಸರಿಲ್ಲದೆ ಕೂತಿದ್ದರೋ! ನನ್ನ ಕೈಬರಹದ ಮೇಲೆ ಇನ್ನೊಬ್ಬರ ಮಸಿ ಎಳೆದದ್ದು ನೋಡಿ ನನಗೆ ಮೊದಲ ಸಲ ಮೈ ಉರಿಯಿತು. ಆದರೂ ಆ ಉರಿಯನ್ನು ಏನು ಮಾಡಬೇಕೆಂದು ತಿಳಿಯದೆ, ಚಾವಡಿಯ ಮುಂದೆ ನಿಂತು ಹೆಡ್ ಮಾಸ್ತರರ ಹಾಗೆ ಸೀನಿ ತೋರಿಸಿ ನಾಲ್ಕು ಮಂದಿಯನ್ನು ನಗಿಸಿ ಬಂದೆ. ನನ್ನ ಪರಾಕ್ರಮ ಅಷ್ಟು.

ಅಕ್ಕ ನಗಲಿಲ್ಲ. "ತಕರಾರ ಎಲ್ಲಿ ಕೊಡಬೇಕು?" ಎಂದಳು. ಬಿಜಾಪುರದ ಮಾಮಲೇದಾರ ಕಚೇರಿ ಎಂದೆ. ಮರುದಿನ ಒಲೆ ಹೊತ್ತಲಿಲ್ಲ. ಖಾನಾವಳಿಗೆ ಬೀಗ ಬಿದ್ದದ್ದು ನೋಡಿ ಯಾರೋ ಸತ್ತಿದ್ದಾರೆಂದು ಊರು ತಿಳಿಯಿತು. ನಾವಿಬ್ಬರೂ ಮೊದಲ ಬಸ್ಸಿಗೆ ಹೋದೆವು. ದಾರಿಯುದ್ದಕ್ಕೂ ಆಕೆಯ ಆ ದೊಡ್ಡ ಕೈ ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿತ್ತು, ರೊಟ್ಟಿ ಇಲ್ಲದೆ.

ಕಚೇರಿಯ ಗುಮಾಸ್ತ ಅರ್ಜಿಯನ್ನು ಆಚೆ ಈಚೆ ಹೊರಳಿಸಿದ. "ಇದಽ ನಿಮ್ಮ ಹೆಸರು ಅನ್ನಾಕ ಸಾಕ್ಷಿ ಏನೈತಿ?"

"ನಿಮ್ಮ ಹೆಸರಿಗಿ ಏನೈತ್ರಿ ಸಾಹೇಬ್ರ?"

"ಆಂ?"

"ನಿಮ್ಮವ್ವ ಕರದ್ಲು, ನೀವು ಓ ಅಂದ್ರಿ. ಅಷ್ಟಽ ಅಲ್ರಿ ಸಾಕ್ಷಿ? ನನ್ನೂ ನಮ್ಮವ್ವ ಕರದಾಳ. ನಾನೂ ಓ ಅಂದೀನಿ."

"ಗಂಡನ ಹೆಸರ ಇರಲಿ ಬಿಡ್ರಿ, ಅದರಾಗೇನು?"

"ಹಂಗಾರ ನಿಮ್ಮ ಹೆಸರ ತಗದು ನಿಮ್ಮ ಹೆಂಡ್ತೀ ಗಂಡ ಅಂತ ಬರಕೋರಿ. ಪಗಾರ ಹೆಂಗ ಬರತೈತಿ ನೋಡೂಣು."

ಆಚೆ ಮೇಜಿನಿಂದ ಯಾರೋ ಫಕ್ಕನೆ ನಕ್ಕರು. ಗುಮಾಸ್ತನ ಮುಖ ಕೆಂಪಾಯಿತು. ಒಳಗಿದ್ದ ಮಾಮಲೇದಾರರು ಗದ್ದಲ ಕೇಳಿ ಹೊರಗೆ ಬಂದರು. ಅರ್ಜಿ ಓದಿದರು, ಅಕ್ಕನನ್ನು ನೋಡಿದರು, ಆ ಕೈ ನೋಡಿದರು, ನನ್ನ ಕಿವಿಯನ್ನೂ ನೋಡಿದರೇನೋ. "ಬರದ ಕೊಡ್ರಿ" ಎಂದು ಒಳಗೆ ಹೋದರು. ಒಳ್ಳೆಯ ಮನುಷ್ಯರೋ, ಊಟದ ಹೊತ್ತಾಗಿತ್ತೋ, ನನಗೆ ಗೊತ್ತಿಲ್ಲ. ಸರ್ಕಾರದಲ್ಲಿ ನ್ಯಾಯ ಸಿಕ್ಕಾಗ ಕಾರಣ ಕೇಳಬಾರದು.

ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ನಾನೇ ಊಟ ಕೊಡಿಸಿದೆ. ಬೇರೆಯವರ ಕೈಯ ರೊಟ್ಟಿಯನ್ನು ಆಕೆ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. "ಇದು ರೊಟ್ಟಿ ಅಲ್ರಿ, ಕಚೇರಿ ಕಾಗದ. ಹರಿಯಾಕೂ ಬರಂಗಿಲ್ಲ, ನುಂಗಾಕೂ ಬರಂಗಿಲ್ಲ." ಆದರೂ ಪೂರ್ತಿ ಉಂಡಳು. ಸಿಟ್ಟು ಇನ್ನೂ ಬೇಕಾಗಿತ್ತಲ್ಲ.

ಚುನಾವಣೆ ಹತ್ತಿರ ಬಂದಾಗ ಉಮೇದುವಾರರು ಹಿಂಡು ಕಟ್ಟಿಕೊಂಡು ಖಾನಾವಳಿಗೂ ಬಂದರು. ಯಾರು, ಯಾವ ಚಿಹ್ನೆ ಎಂದು ಹೇಳುವುದಿಲ್ಲ. ಎಲ್ಲರೂ ಬಂದರು, ಎಲ್ಲರೂ ಒಂದೇ ಮಾತು ಆಡಿದರು. ಒಬ್ಬರಂತೂ ಎಣ್ಣೆಗಾಯಿ ಬದನೆಯನ್ನು ಚಪ್ಪರಿಸಿ, ಕೈ ಮುಗಿದು, "ತಾಯಿ, ನಿಮ್ಮ ಆಶೀರ್ವಾದ ಇರಲಿ" ಎಂದರು.

"ಆಶೀರ್ವಾದ ಬ್ಯಾರೆ, ವೋಟ ಬ್ಯಾರೆ" ಎಂದಳು ಅಕ್ಕ. "ಆಶೀರ್ವಾದ ಈಗಽ ತಗೊಂಡ ಹೋಗ್ರಿ, ಅದಕ್ಕ ಪಾಳಿ ಇಲ್ಲ."

ಮತದಾನದ ದಿನ ನಾನು ಊರಲ್ಲಿರಲಿಲ್ಲ. ಸಾರವಾಡದ ಬೂತಿನಲ್ಲಿ ಜನರ ಎಡಗೈ ತೋರುಬೆರಳಿಗೆ ಮಸಿ ಹಚ್ಚುತ್ತ ಕೂತಿದ್ದೆ. ಡಬ್ಬಿಗಳ ಕಾಲ ಹೋಗಿ ಒಂದೇ ಕಾಗದದ ಮೇಲೆ ಎಲ್ಲ ಚಿಹ್ನೆ ಬಂದಿದ್ದವು, ಬೇಕಾದವರ ಮುಂದೆ ಶಿಕ್ಕೆ ಒತ್ತಬೇಕು. ಯಾರನ್ನಾದರೂ ಬಿಟ್ಟರೆ ಬೇಸರವಾದೀತೆಂದು ಎಲ್ಲರಿಗೂ ಒಂದೊಂದು ಒತ್ತಿ ಬಂದ ಅಜ್ಜಿಯರನ್ನು ನಾನು ಅಲ್ಲಿ ಕಂಡೆ. ತಿಕೋಟಾದಲ್ಲಿ ಆದದ್ದನ್ನು ಹೇಳಿದವನು ಮತ್ತೆ ಚಾಚಾನೇ. ಅವನು ಪಾಳಿಯಲ್ಲಿ ಹಿಂದೆಯೇ ನಿಂತಿದ್ದನಂತೆ.

ಅಕ್ಕ ತನ್ನ ಹೆಸರು ಹೇಳಿದಳು. ಪಟ್ಟಿಯಲ್ಲಿ ಹೆಸರು ಇತ್ತು, ಬಾಜೂಕ ಅಪ್ಪನ ಹೆಸರೂ ಇತ್ತು. ಸಾಹೇಬ ಚೀಟಿ ಹರಿಯುವಷ್ಟರಲ್ಲಿ ವಾಡೆಯ ಅದೇ ಏಜೆಂಟ ಎದ್ದು ನಿಂತ.

"ನಂದ ತಕರಾರ ಐತ್ರಿ. ಈಕಿ ಲಗ್ನಾದಾಕಿ. ಗಂಡನ ಹೆಸರ ಕೇಳ್ರಿ."

ಸಾಹೇಬ ಗೊಂದಲಕ್ಕೆ ಬಿದ್ದ. "ಹೇಳಿಬಿಡ್ರಲ್ಲ ಅಮ್ಮಾ, ಒಂದ ಒಡಪ ಹಾಕಿ."

ಪಾಳಿಯ ಹೆಣ್ಣುಮಕ್ಕಳಿಗೆ ಆಸೆ. "ಹಾಕ ಬೇ ಅಕ್ಕಾ, ಹಾಕ ಬೇ!" ಅಕ್ಕ ಸೆರಗು ಸೊಂಟಕ್ಕೆ ಬಿಗಿದಳು.

"ಹಂಚಿನ ಮ್ಯಾಲಿನ ರೊಟ್ಟಿ ನಾನಽ ತಿರುವಿ ಹಾಕತೀನಿ," ಎಂದು ಶುರು ಮಾಡಿದಳು. ಪಾಳಿ ಕಿವಿಗೊಟ್ಟಿತು. ಎರಡನೆಯ ಸಾಲಿನಲ್ಲಿ, ಗಂಡನ ಹೆಸರು ಬರಬೇಕಾದ ಜಾಗದಲ್ಲಿ, ತನ್ನ ಹೆಸರು ಇಟ್ಟಳು. "...ಅನ್ನಾಕಿ ನಾನು, ನನ್ನ ವೋಟ ನಾನಽ ಹಾಕತೀನಿ!"

"ಯಾ ಅಲ್ಲಾ, ಮಾಸ್ತರ! ಹೆಂಗಸು ತನ್ನ ಹೆಸರಿಗಿ ಒಡಪ ಹಾಕಿದ್ದು ನಾ ಹುಟ್ಟಿದಾಗಿಂದ ಕೇಳಿದ್ದಿಲ್ಲ," ಎಂದ ಚಾಚಾ. ಒಂದು ಗಳಿಗೆ ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲವಂತೆ. ಆಮೇಲೆ ಪಾಳಿಯಲ್ಲಿದ್ದ ಮುದುಕಿಯೊಬ್ಬಳು ಜೋರಾಗಿ, "ಇಂಥಾಕಿ ಖರೇ ಇಂಥಾಕಿನಽ ಅದಾಳ, ನಾ ಆಕೀ ಹಡದ ಮನೀ ಬಾಜೂಕಿನಾಕಿ!" ಎಂದು ಸಾಕ್ಷಿ ಹೇಳಿದಳು. ಇನ್ನೊಬ್ಬಳು ಹೌದೆಂದಳು. ತಕರಾರು ಬಿದ್ದುಹೋಯಿತು.

ಅಕ್ಕ ಯಾರಿಗೆ ಒತ್ತಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೆರಳ ಮೇಲಿನ ಮಸಿಯನ್ನು ಮಾತ್ರ ಎಲ್ಲರಿಗೂ ತೋರಿಸಿದಳು. ಹಿಟ್ಟು ನಾದುವಾಗ ಅದು ರೊಟ್ಟಿಗೆ ಇಳಿದೀತೆಂದು ಒಬ್ಬ ಗಿರಾಕಿ ಮುಖ ಸಿಂಡರಿಸಿದ. "ಇಳೀಲಿ" ಎಂದಳು. "ತಿಂದವರಿಗಿ ಸ್ವಲ್ಪ ಬುದ್ಧಿ ಬರಲಿ."

ಆರಿಸಿ ಬಂದವರು ಮಾತ್ರ ತಿರುಗಿ ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ಹಾಕಿಸುತ್ತೇವೆಂದ ನೆರಳು ಬರಲಿಲ್ಲ, ತೆಗೆಸುತ್ತೇವೆಂದ ಬಾವಿಯೂ ಬರಲಿಲ್ಲ. ಅಕ್ಕನ ಕೈಯ ಸಪ್ಪಳ ಮತ್ತೆ ಜೋರಾಯಿತು. ಈ ಸಲ ಅದರಲ್ಲಿ ಬೇರೆ ತಾಳ. ಮೊದಲು ವೋಟು ಸಿಕ್ಕಿಲ್ಲವೆಂಬ ಸಿಟ್ಟು, ಈಗ ಹಾಕಿದವಳ ಸಿಟ್ಟು. "ಈಗ ನನಗ ಕೇಳೂ ಹಕ್ಕ ಐತಿ" ಎನ್ನುತ್ತಿದ್ದಳು. ಕೇಳಿಸಿಕೊಳ್ಳುವವರು ಬೆಂಗಳೂರಲ್ಲಿದ್ದರು.

ನನಗೆ ಬಿಜಾಪುರಕ್ಕೆ ಬದಲಿಯಾಯಿತು. ಹೊರಡುವ ದಿನ ಅಕ್ಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಆಗ ಒಂದು ಮಾತು ಹೇಳಿದಳು. "ಮಾಸ್ತರ, ನಾ ಸತ್ತಿಂದ ನನ್ನ ಹೆಸರ ಪಟ್ಟೀದಾಗಿಂದ ತಗಸ್ರಿ. ನಾ ಇದ್ದಾಗಽ ನನ್ನ ವೋಟ ಜೀಪ ಹತ್ತಿತ್ತು. ಸತ್ತ ಮ್ಯಾಲ ಹತ್ತಬಾರದು."

"ನೀವು ನನಗಿಂತ ಗಟ್ಟಿ ಅದೀರಿ ಅಕ್ಕಾ."

"ಗಟ್ಟಿ ಇದ್ದವರಽ ಪಟಕ್ನ ಮುರಿಯೂದು. ತಗಸ್ತೀರಿಲ್ಲೋ?"

"ತಗಸ್ತೀನಿ."

ಅರವತ್ತಾರರ ಮಳೆಗಾಲದಲ್ಲಿ ಜ್ವರ ಬಂದು ಒಂದು ವಾರದೊಳಗೆ ಹೋಗಿಬಿಟ್ಟಳು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣು ಆಗಿತ್ತು. 'ಇಂಥವನ ಹೆಂಡತಿ ತೀರಿಕೊಂಡಳು' ಎಂದು ಊರಲ್ಲಿ ಡಂಗುರ ಸಾರಿದ್ದರಂತೆ. ಆ ಇಂಥವನು ಬಂದಿದ್ದ. ಬಾಯಿಗೆ ಟಾವೆಲ್ ಒತ್ತಿ ಅತ್ತ, ಆಮೇಲೆ ಖಾನಾವಳಿಯ ಹಂಡೆ, ಪರಾತ, ಹಂಚುಗಳನ್ನು ವಾಡೆಯ ಜೀಪಿಗೆ ಹೇರಿಕೊಂಡು ಹೋದ. ಚಾಚಾ ಅಡ್ಡ ನಿಂತು ಕೇಳಿದ್ದಕ್ಕೆ, "ನಾ ಗಂಡ" ಎಂದನಂತೆ. ಆ ಒಂದು ಶಬ್ದಕ್ಕೆ ಎಷ್ಟೊಂದು ಬೀಗ ತೆರೆಯುತ್ತವೆ!

ಕೊಟ್ಟ ಮಾತಿನಂತೆ ಹೆಸರು ತೆಗೆಯಲು ಅರ್ಜಿ ಕೊಟ್ಟೆ. ಗುಮಾಸ್ತ ಬೇರೆಯವನು, ಕುರ್ಚಿ ಅದೇ. "ನೀವು ಆಕಿಗೆ ಏನಾಗಬೇಕು?"

"ದಿನಾ ಉಣ್ಣತಿದ್ದೆ."

"ಅದು ಸಂಬಂಧ ಅಲ್ರಿ. ಗಂಡ ಬಂದು ಬರಕೊಡಬೇಕು."

ಸತ್ತ ಮೇಲೂ ಆಕೆಗೆ ಗಂಡನೇ ಬೇಕಾಯಿತು. ಅರ್ಜಿ ಅಲ್ಲೇ ಉಳಿಯಿತು.

ಅರವತ್ತೇಳರ ಚುನಾವಣೆಯಲ್ಲಿ ನಗರದ ಮಾಸ್ತರರನ್ನು ಹಳ್ಳಿಯ ಬೂತಿಗೆ ಹಾಕಿದರು. ನನಗೆ ತಿಕೋಟಾ ಬಂತು. ನನ್ನ ಹಳೆಯ ಸಾಲೆ, ನನ್ನ ಹಳೆಯ ತರಗತಿ. ಪಟ್ಟಿ ಹಿಡಿದು, ಬಂದವರ ಹೆಸರು ಕೂಗಿ ಹೇಳುವುದು ನನ್ನ ಕೆಲಸ. ಮೊದಲು ಆ ಪುಟ ತೆರೆದು ನೋಡಿದೆ. ಹೆಸರು ಇತ್ತು. ಅಪ್ಪನ ಹೆಸರೂ ಇತ್ತು. ನಾನು ಬರೆದದ್ದು, ಅಚ್ಚಿನಲ್ಲಿ.

ಮಧ್ಯಾಹ್ನ, ಹಿಂದೊಮ್ಮೆ ಅಕ್ಕ ಕೈ ತೊಳೆದು ಬಂದಿದ್ದ ಹೊತ್ತಿಗೆ, ಒಬ್ಬಳು ಮುಖ ಮುಚ್ಚುವಷ್ಟು ಸೆರಗು ಹೊದ್ದು ಬಂದು ಚೀಟಿ ಮುಂದಿಟ್ಟಳು. ಅದರಲ್ಲಿ ಆ ಹೆಸರು.

"ಹೆಸರು ಹೇಳ್ರಿ."

ಸೆರಗಿನೊಳಗಿಂದ ಪಾಠ ಒಪ್ಪಿಸಿದ ಹಾಗೆ ಆ ಹೆಸರು ಬಂತು. ಬಬಲೇಶ್ವರದ ಅವಳಾಗಿರಲಿಲ್ಲ. ಕೈ ನೋಡಿದೆ: ಎಳೆಯ ಕೈ, ಉಗುರಿನ ಸಂದಿಯಲ್ಲಿ ಹೊಲದ ಮಣ್ಣು. ಯಾರದೋ ಹೊಲದಲ್ಲಿ ಕಳೆ ಕೀಳುವ ಹುಡುಗಿಯನ್ನು ಗದರಿಸಿ ಕಳಿಸಿದ್ದರು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಹೊರಳಿ ಏಜೆಂಟರ ಬೆಂಚು ನೋಡಿದೆ. ವಾಡೆಯವನೂ ಇದ್ದ, ವಾಡೆಯ ವಿರುದ್ಧ ಇದ್ದವರ ಏಜೆಂಟನೂ ಇದ್ದ. ಇಬ್ಬರೂ ಆ ಕೈಯ ರೊಟ್ಟಿ ಉಂಡವರು, ಇಬ್ಬರೂ ಆಕೆಯ ಮಣ್ಣಿಗೆ ಹೋದವರು. ಒಬ್ಬ ಸಾಲೆಯ ಹಂಚು ಎಣಿಸುತ್ತಿದ್ದ, ಇನ್ನೊಬ್ಬ ಚಪ್ಪಲಿ ನೋಡುತ್ತಿದ್ದ. ಇವನ ಕಡೆಯ ಸತ್ತವರ ವೋಟನ್ನು ಅವನು ಬಿಡುವುದು, ಅವನ ಕಡೆಯ ಸತ್ತವರದನ್ನು ಇವನು ಬಿಡುವುದು ಎಂದು ಅವರವರಲ್ಲಿ ಒಪ್ಪಂದವಾಗಿತ್ತು. ತಕರಾರು ಹೇಳಬೇಕಾದವರು ಅವರು. ಹೆಸರು ಕೂಗುವವನಿಗೆ ಕೂಗುವುದಷ್ಟೇ ಕೆಲಸ.

ನಾನು ಕೂಗಿದೆ. ನನ್ನ ಗಂಟಲಿನಿಂದ ಬಂದದ್ದು ನನ್ನ ದನಿಯಾಗಿರಲಿಲ್ಲ. ನಾನು ಆಡಿ ತೋರಿಸಬೇಕೆಂದು ಎಣಿಸಿರಲೂ ಇಲ್ಲ. ಅಂಗೈ ಮೇಜಿನ ಮೇಲೆ ತಾನಾಗಿ ಬಿತ್ತು. ಮಸಿಯ ಬಾಟಲಿ ಹಾರಿತು.

"ಏನ್ರೋ! ನನ್ನ ಕೈಯಾನ ರೊಟ್ಟಿ ಉಂಡ ಬಾಯಾಗ 'ಆಕಿ ಸತ್ತಾಳ' ಅನ್ನೂ ಒಂದ ಮಾತ ಬರವಲ್ದೇನ್ರೋ?"

ಹೊರಗೆ ಪಾಳಿಯಲ್ಲಿದ್ದ ಮುದುಕಿಯೊಬ್ಬಳು, "ಯಪ್ಪಾ, ಅಕ್ಕಾ ಬಂದ್ಲು!" ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಹುಡುಗಿ ಚೀಟಿ ಬಿಟ್ಟು ಓಡಿದಳು. ಮತಗಟ್ಟೆಯ ಮುಖ್ಯಾಧಿಕಾರಿ ಎದ್ದು, "ಏನ್ರೀ ಮಾಸ್ತರ ಇದು?" ಎಂದು ಬೆವರಿದರು. ಬೆಂಚಿನ ಮೇಲೆ ಚಪ್ಪಲಿ ನೋಡುತ್ತಿದ್ದವನು, ತಲೆ ಎತ್ತದೆಯೇ, "ಆ ಹೆಣ್ಮಗಳು ತೀರಿಕೊಂಡಾಳ್ರಿ ಸಾಹೇಬ್ರ" ಎಂದ. ಹಂಚು ಎಣಿಸುತ್ತಿದ್ದ ವಾಡೆಯವನೂ ಕೊನೆಗೆ "ಹೌದ್ರಿ" ಎಂದ.

ಆ ಸಾಲಿನ ಮುಂದೆ ಅವತ್ತು ಯಾವ ಗುರುತೂ ಬೀಳಲಿಲ್ಲ. ಸಂಜೆ ಪಟ್ಟಿಗೆ ಮುದ್ರೆ ಹಾಕುವ ಮುನ್ನ ನಾನು ಎರಡು ಸಲ ನೋಡಿದೆ.

ಮತಗಟ್ಟೆಯಲ್ಲಿ ಅನುಚಿತವಾಗಿ ಕೂಗಿದ್ದಕ್ಕೆ ವಿವರಣೆ ಕೊಡಬೇಕೆಂದು ಕಚೇರಿಯಿಂದ ಕಾಗದ ಬಂತು. 'ಅದು ನನ್ನ ದನಿಯಲ್ಲ' ಎಂದು ಬರೆದುಕೊಟ್ಟೆ. ಸರ್ಕಾರಕ್ಕೆ ನಾನು ಬರೆದದ್ದರಲ್ಲಿ ಅಷ್ಟು ಖರೆಯ ಮಾತು ಇನ್ನೊಂದಿಲ್ಲ. ಒಂದು ವರ್ಷದ ಪಗಾರದ ಬಡತಿ ನಿಲ್ಲಿಸಿದರು. ಹೆಡ್ ಮಾಸ್ತರರು ಸ್ಟೇಷನ್ ರಸ್ತೆಯಲ್ಲಿ ಸಿಕ್ಕಾಗ, "ಇನ್ನರ ಈ ನಕಲಿ ಆಟ ಬಿಡೋ" ಎಂದರು. ಬಿಟ್ಟಿದ್ದೇನೆ, ಸರ್. ಈಗ ನನಗೂ ಒಂದು ದನಿ ಇದೆ. ಉಂಡ ಮೇಲೆಯೇ ತೆಗೆಯುತ್ತೇನೆ, ಹಾಗಾಗಿ ಸಂಜೆಯ ತನಕ ಬಾಳುತ್ತದೆ.

ಕಳೆದ ತಿಂಗಳು ಚಾಚಾ ಬಂದಿದ್ದ. ಆಕೆಯ ಹೆಸರು ಇನ್ನೂ ಪಟ್ಟಿಯಲ್ಲಿದೆಯಂತೆ; ಗಂಡ ಬಂದು ಬರೆದುಕೊಟ್ಟಿಲ್ಲ, ವಾಡೆಯವರು ಬರೆಸಿಲ್ಲ. ಮತ್ತೆ ಚುನಾವಣೆ ಬರುತ್ತದೆ, ಮತ್ತೆ ಜೀಪು ಹೊರಡುತ್ತದೆ. ನಾನು ಯಾವ ಬೂತಿನಲ್ಲಿರುತ್ತೇನೋ, ಇರಲು ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಇಷ್ಟೆಲ್ಲ ಬರೆದೂ ಆ ಹೆಸರೊಂದನ್ನು ಇಲ್ಲಿ ಬರೆಯಲಿಲ್ಲ. ಬರೆದರೆ ನಮ್ಮ ಮಂದಿಯಲ್ಲಿ ಯಾರಾದರೂ ಅದರ ಮೇಲೊಂದು ವೋಟು ಹಾಕಿಬಿಟ್ಟಾರು.